ನಿಪ್ಪಾಣಿಯ ಕಾಲುಚೀಲ, ಕಾಡಿನ ಹಳ್ಳ

ಮೇಡಂ ನನ್ನ ಹೊಲಿಗೆ ಮಷೀನಿನ ಮೇಲೆ ತಂದಿಟ್ಟ ಕಾಲುಚೀಲದ ತುಂಬ ಒಣಗಿದ ರಕ್ತದ ಕಲೆಗಳಿದ್ದವು. ಕಾಡಿನಲ್ಲಿ ಜಿಗಣೆ ತೂರಿ ಕಚ್ಚಿದ್ದು ಎಂದರು. ಮೊಣಕಾಲಿನವರೆಗೆ ಬರುವ ಉದ್ದನೆಯ ಚೀಲ, ತೆಳು ಬಟ್ಟೆ, ಯಾವುದೋ ದೊಡ್ಡ ಊರಿನ ಅಂಗಡಿಯಿಂದ ತರಿಸಿದ್ದು. ಒಳಗೆ ಕೈ ಹಾಕಿ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಮಗ್ಗುಲಿಗೆ ಒಂದೇ ಎಳೆ, ಅದೂ ಸಾಸಿವೆ ಕಾಳು ತೂರುವಷ್ಟು ಸಡಿಲ. ಇದನ್ನು ಹೊಲಿದವರಿಗೆ ಒಂದು ಜೊತೆ ಹಾಕಿಸಿ ಕಾಡಿಗೆ ಬಿಡಬೇಕಿತ್ತು ಎಂದೆ. ಮೇಡಂ ನಕ್ಕು, ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ ಎಂದರು.

ನಿಪ್ಪಾಣಿಯ ಹಳೆಯ ತಂಬಾಕಿನ ವಖಾರಗಳ, ಅಂದರೆ ಗೋದಾಮುಗಳ, ಸಾಲಿನಲ್ಲಿ ನನ್ನದೊಂದು ಸಣ್ಣ ಖೋಲಿ. ರವಿಕೆ, ಲಂಗ ಹೊಲಿಯುವವಳಲ್ಲ ನಾನು. ತಂಬಾಕು ತುಂಬುವ ಚೀಲ, ಟ್ರ್ಯಾಕ್ಟರಿನ ಹುಡ್, ಅಂಗಡಿ ಮುಂದೆ ಕಟ್ಟುವ ತಾಡಪತ್ರಿ, ಇಂಥ ದಪ್ಪ ಕೆಲಸ. ಓಣಿಯವರೆಲ್ಲ ಆಪಾ ಅನ್ನುತ್ತಾರೆ. ಮೇಡಂ ಚಿಕ್ಕೋಡಿ ಕಡೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಅವರ ಸ್ಕೂಟರಿನ ಹೊದಿಕೆಯನ್ನು ನಾನೇ ಹೊಲಿದಿದ್ದೆ, ಅಷ್ಟೇ ನಮ್ಮ ಪರಿಚಯ.

ಅವರು ಹೇಳಿದ ಕತೆ ಹೀಗಿತ್ತು. ಖಾನಾಪುರ ದಾಟಿ ಘಟ್ಟದ ಮೇಲೆ ಹೋದರೆ ಒಂದು ಸಂರಕ್ಷಿತ ಮಳೆಕಾಡು. ಅಪ್ಪಣೆಯಿಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಒಳಗೊಂದು ಹಳ್ಳ. ಮಳೆಗಾಲ ಮುಗಿದು ನೀರಿನ ಸೆಳೆತ ಇಳಿದ ಮೇಲೆ, ಹೆಬ್ಬೆರಳಿನ ಗೆಣ್ಣಿನಷ್ಟಿರುವ ಕಪ್ಪೆಗಳು ಅಲ್ಲಿನ ಕಲ್ಲುಗಳ ಮೇಲೆ ಕೂತು ಹಾಡಹಗಲೇ ಹಿಂಗಾಲು ಚಾಚಿ ಬೀಸುತ್ತವೆ. ಹೆಣ್ಣು ಕಪ್ಪೆ ಹಳ್ಳದ ತಳದ ಹರಳಿನೊಳಗೆ ಮೊಟ್ಟೆ ಹುಗಿದಿಡುತ್ತದೆ. ಈ ಘಟ್ಟ ಬಿಟ್ಟರೆ ಅವು ಬೇರೆಲ್ಲೂ ಇಲ್ಲ, ಇಲ್ಲಿಯೂ ಕಡಿಮೆಯಾಗುತ್ತಿವೆ. ಈಗ ಹಳ್ಳದ ಮೇಲಿರುವ ಜಲಪಾತಕ್ಕೆ ಪ್ರವಾಸಿಗರಿಗೆ ದಾರಿ ಬಿಡಬೇಕೆಂಬ ಒತ್ತಾಯ ಬಂದಿತ್ತು. ಆ ದಾರಿ ಹಳ್ಳದೊಳಗೇ ಹಾದುಹೋಗುತ್ತದೆ. ಸತತ ಮೂರು ವರ್ಷದ ಎಣಿಕೆ ತೋರಿಸಿ, ಕಪ್ಪೆಗಳು ನಿಜಕ್ಕೂ ಅಲ್ಲಿ ಮರಿ ಮಾಡುತ್ತಿದ್ದರೆ ಹಳ್ಳವನ್ನೇ ಜನರ ಪಾಲಿಗೆ ಮುಚ್ಚೋಣ ಎಂದು ಕಾಡಿನ ಅಧಿಕಾರಿಗಳು ಮೇಡಂಗೆ ಹೇಳಿದ್ದರು. ಎರಡು ವರ್ಷ ಎಣಿಸಿಯಾಗಿತ್ತು, ಇದು ಮೂರನೆಯದು.

ತೊಂದರೆ ಜಿಗಣೆಗಳದು. ಎಣಿಸುವವರು ಹಳ್ಳದ ಪಕ್ಕ ಒಂದು ತಾಸು ಅಲುಗದೆ ಕೂರಬೇಕು. ಹೋದ ವರ್ಷ ಜಿಗಣೆ ಕೀಳುವ ಗಡಿಬಿಡಿಯಲ್ಲಿ ಜನ ಎದ್ದು ಕುಣಿದು, ಕಪ್ಪೆಗಳು ಕಲ್ಲಿನ ಸಂದಿ ಸೇರಿ, ಲೆಕ್ಕ ಹೇಗೋ ಕುಂಟುತ್ತಾ ಮುಗಿದಿತ್ತು. ಈ ಸಲ ತಪ್ಪಿದರೆ ಮತ್ತೆ ಒಂದನೆಯ ವರ್ಷದಿಂದ ಶುರು ಮಾಡಬೇಕು. ಅಷ್ಟರಲ್ಲಿ ದಾರಿ ಬಿಟ್ಟುಬಿಟ್ಟಿರುತ್ತಾರೆ.

"ಒಂದ್ ಮಾತ್ ನೆನಪಿಡ್ರಿ ಆಪಾ" ಎಂದರು ಮೇಡಂ. "ಕಪ್ಪಿ ಚರ್ಮದಿಂದನೂ ಉಸರಾಡತಾವ. ನೀರಿಗೆ ಏನ್ ಬೀಳತೈತಿ ಅದು ಅವುಗಳ ಮೈಯಾಗ ಹೋಗತೈತಿ. ಎಣ್ಣಿ, ಮುಲಾಮ, ಔಷಧಿ ಏನೂ ಹಚ್ಚಬ್ಯಾಡ್ರಿ. ಬರೇ ಅರಿವಿ, ಬರೇ ಹೊಲಿಗಿ."

ಹೂಂ ಅಂದೆ. ಬಟ್ಟೆ ಮತ್ತು ಹೊಲಿಗೆ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಬಿಗಿ ನೇಯ್ಗೆಯ ಮಾಂಜರಪಾಟ ಆರಿಸಿದೆ. ನಮ್ಮ ಕಡೆ ಗಾದಿಯ ಖೋಳಕ್ಕೆ ಬಳಸುವ ಬಿಳಿ ಹತ್ತಿಬಟ್ಟೆ ಅದು. ಮೊದಲ ಜೊತೆಯನ್ನು ಒಂದೇ ಮಧ್ಯಾಹ್ನದಲ್ಲಿ ಹೊಲಿದು ಕೊಟ್ಟು ಬೀಗಿದೆ. ಅಪ್ಪಣೆ ಕಾಗದಕ್ಕೆಂದು ಕಾಡಿಗೆ ಹೋದಾಗ ಮೇಡಂ ಅದನ್ನು ಹಾಕಿಕೊಂಡು ನೋಡಿದರು. ಎರಡು ಜಿಗಣೆ ಒಳಗೆ ಹೋಗಿದ್ದವು. ಬಟ್ಟೆಯ ಮೂಲಕ ಅಲ್ಲ, ನನ್ನ ಹೊಲಿಗೆಯ ಮೂಲಕ. ಚೀಲ ಹೊಲಿಯುವ ದಪ್ಪ ಸೂಜಿಯಿಂದಲೇ ಹೊಲಿದಿದ್ದೆ, ಸೂಜಿ ಮಾಡಿದ ತೂತು ದಾರಕ್ಕಿಂತ ದೊಡ್ಡದಾಗಿತ್ತು. ಅದನ್ನು ಕೇಳಿ ಮೈಯೆಲ್ಲ ಉರಿಯಿತು. ಮೇಡಂ ಮೇಲಲ್ಲ, ನನ್ನ ಮೇಲೆ.

ಸಣ್ಣ ಸೂಜಿ ಹಾಕಿದೆ. ಎರಡು ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕಿದೆ. ಮೇಲ್ಗಡೆ ಎಳೆದು ಬಿಗಿಯಲು ನಾಡಿ, ಅಂದರೆ ಲಾಡಿ, ಸೇರಿಸಿದೆ. ಜಿಗಣೆ ತೂರುತ್ತದೋ ಇಲ್ಲವೋ ನೋಡಲು ನಿಪ್ಪಾಣಿಯಲ್ಲಿ ಜಿಗಣೆ ಎಲ್ಲಿಂದ ತರಲಿ? ಪಕ್ಕದ ಅಂಗಡಿಯಿಂದ ಒಂದು ಡಬ್ಬಿ ತಪಕೀರ ತಂದೆ. ಮೂಗಿಗೇರಿಸುವ ತಂಬಾಕಿನ ನುಣುಪು ಪುಡಿ ಅದು. ಕಾಲುಚೀಲದೊಳಗೆ ಸುರಿದು, ಬಾಯಿ ಕಟ್ಟಿ, ಬಿಳಿ ಕಾಗದದ ಮೇಲೆ ಜಾಡಿಸಿದೆ. ಎಲ್ಲಿ ಪುಡಿ ಸೋರಿತೋ ಅಲ್ಲಿ ಬಿಚ್ಚಿ ಮತ್ತೆ ಹೊಲಿದೆ. ನಾಲ್ಕನೆಯ ಸಲಕ್ಕೆ ಕಾಗದ ಬೆಳ್ಳಗೇ ಉಳಿಯಿತು. ಆಮೇಲೆ ಹನ್ನೆರಡು ಜೊತೆಯನ್ನೂ ಹಾಗೇ ಪರೀಕ್ಷಿಸಿ ಮುಗಿಸಿದೆ.

ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹೊಲಿದಿಟ್ಟ ಚೀಲಗಳನ್ನು ನೋಡುತ್ತಾ ಕೂತಾಗ ನನಗೆ ಇನ್ನೊಂದು ಹೆಜ್ಜೆ ಮುಂದೆ ಹೋಗುವ ಚಪಲ ಬಂತು. ನಮ್ಮಮ್ಮ ವಖಾರದಲ್ಲಿ ತಂಬಾಕು ಹಸನು ಮಾಡುತ್ತಿದ್ದವಳು. ಎಮ್ಮೆಗೆ ಹೇನಾದರೆ ತಂಬಾಕಿನ ನೀರು, ಬದನೆ ಗಿಡಕ್ಕೆ ಹುಳ ಬಿದ್ದರೆ ತಂಬಾಕಿನ ನೀರು, ಗಾದಿಗೆ ತಿಗಣೆಯಾದರೂ ಅದೇ. ನಿಪ್ಪಾಣಿಯಲ್ಲಿ ಹುಳದ ಮಾತು ಬಂದರೆ ಕೈ ತಾನಾಗಿ ತಂಬಾಕಿನ ಕಡೆ ಹೋಗುತ್ತದೆ. ವಖಾರದಿಂದ ಒಂದು ಬುಟ್ಟಿ ತಂಬಾಕಿನ ಕಡ್ಡಿ ತಂದು, ದೊಡ್ಡ ಪಾತೇಲಿಯಲ್ಲಿ ಕುದಿಸಿ, ಹನ್ನೆರಡು ಜೊತೆಯನ್ನೂ ಅದ್ದಿ ಒಂದು ದಿನ ಇಟ್ಟೆ. ಮಾಳಿಗೆಯ ಮೇಲೆ ಒಣಗಿಸಿದಾಗ ಬಟ್ಟೆ ಚಹಾದ ಬಣ್ಣಕ್ಕೆ ಬಂದಿತ್ತು. ಮೇಡಂ ಔಷಧ ಬೇಡ ಎಂದಿದ್ದು ನೆನಪಿತ್ತು. ಆದರೆ ತಂಬಾಕನ್ನು ನಾನು ಯಾವತ್ತೂ ಔಷಧವೆಂದು ಎಣಿಸಿರಲಿಲ್ಲ, ವಿಷವೆಂದೂ ಎಣಿಸಿರಲಿಲ್ಲ. ಅದು ನಮ್ಮೂರಿನ ಗಾಳಿ. ಚೀಲ ಒಯ್ಯಲು ಬಂದ ಮೇಡಂಗೂ ವಾಸನೆ ತಿಳಿಯಲಿಲ್ಲ, ನನ್ನ ಖೋಲಿಯಲ್ಲಿ ತಂಬಾಕು ನಾರದ ವಸ್ತು ಒಂದೂ ಇಲ್ಲ. ಬಣ್ಣ ಯಾಕೆ ಹೀಗೆ ಎಂದು ಕೇಳಿದರು. ಕಾಡಿನಲ್ಲಿ ಬಿಳಿ ಎದ್ದು ಕಾಣಬಾರದೆಂದು ಅದ್ದಿದೆ ಎಂದು ಹೇಳಿ ಸುಮ್ಮನಾದೆ. ಅಲ್ಲಿ ಹೋದ ಮೇಲೆ ಅವರೇ ಬೆರಗಾಗಲಿ ಎಂದು ಮನಸ್ಸಿನಲ್ಲಿತ್ತು.

ಅಪ್ಪಣೆ ಹದಿನಾಲ್ಕು ಮಂದಿಗೆ, ಮೂರು ದಿನಕ್ಕೆ. ಎಣಿಸುವವರು ಮೇಡಂ ಸೇರಿ ಹನ್ನೆರಡು. ಹದಿಮೂರನೆಯವನು ಗಾಡಿಯ ಡ್ರೈವರ್, ಅಡುಗೆಯೂ ಅವನದೇ. ಹದಿನಾಲ್ಕನೆಯವಳು ನಾನು, ಹರಿದರೆ ಹೊಲಿಯಲು ಕೈಮಷೀನು ಹಿಡಿದುಕೊಂಡು ಹೊರಟವಳು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳಿಂದ ಬಂದ ಶಿಕ್ಷಕರು, ರೈತರು ಬೆಳಿಗ್ಗೆಯೇ ನಿಪ್ಪಾಣಿ ಸ್ಟ್ಯಾಂಡಿನ ಹತ್ತಿರ ಸೇರಿದ್ದರು. ಅವರಲ್ಲಿ ಇಬ್ಬರು ಹಿರಿಯರನ್ನು ಈಗಲೇ ಹೇಳಿಬಿಡುತ್ತೇನೆ. ಒಬ್ಬರು ಸತ್ತಿ ಎಂಬ ಊರಿನ ಕಾಕಾ, ಕೃಷ್ಣಾ ದಂಡೆಯ ಕಬ್ಬಿನ ರೈತರು, ತಲೆಯ ಮೇಲೆ ಗರಿಗರಿ ಬಿಳಿ ಪಟಕ. ಇನ್ನೊಬ್ಬರು ದಿಗ್ಗೇವಾಡಿಯ ಅಣ್ಣ, ಮಾತಿಗೊಮ್ಮೆ ಚಂಚಿ ಬಿಚ್ಚಿ ತಂಬಾಕು ತಿಕ್ಕಿ ಬಾಯಿಗಿಡುವವರು. ಕಾಡಿನೊಳಗೆ ಉಗುಳುವಂತಿಲ್ಲ ಎಂದು ಮೇಡಂ ಗಾಡಿ ಹತ್ತುವಾಗಲೇ ತಾಕೀತು ಮಾಡಿ ಅವರ ಚಂಚಿ ಇಸಿದುಕೊಂಡರು.

ಮಧ್ಯಾಹ್ನಕ್ಕೆ ಕಾಡಿನ ಕ್ಯಾಂಪು ತಲುಪಿದೆವು. ನಾನು ಹುಟ್ಟಿ ಬೆಳೆದದ್ದು ಬಯಲಲ್ಲಿ. ಅಲ್ಲಿ ಮರದ ಮೇಲೆ ಮರ, ಅದರ ಮೇಲೆ ಬಳ್ಳಿ, ಆಕಾಶವೆನ್ನುವುದು ಅಲ್ಲಲ್ಲಿ ಚೂರು. ತಲೆ ಮೇಲೆ ಯಾರೋ ಹಳೆಯ ಸೈಕಲ್ಲಿಗೆ ಗಾಳಿ ಹೊಡೆದಂಥ ಸದ್ದಾಯಿತು. ಮಂಗಟ್ಟೆ ಹಕ್ಕಿ, ಅದರ ರೆಕ್ಕೆಯ ಸದ್ದು ಎಂದು ಅಲ್ಲಿನ ವಾಚರ್ ತೋರಿಸಿದ. ಹತ್ತಿಪ್ಪತ್ತು ವರ್ಷದಿಂದ ಅದೇ ಕಾಡು ಕಾಯುತ್ತಿದ್ದ ಮನುಷ್ಯ, ಮಾತು ಕಡಿಮೆ. ನಾನು ಕತ್ತೆತ್ತಿ ನೋಡುತ್ತಾ ನಿಂತಲ್ಲೇ ಒಂದು ಜಿಗಣೆ ನನ್ನ ಚಪ್ಪಲಿ ಹತ್ತಿತ್ತು.

ಊಟವಾದ ಮೇಲೆ ಮೇಡಂ ಹಳ್ಳದ ಕಡೆಗಲ್ಲದೆ ಗಾಡಿ ಬರುವ ಮಣ್ಣಿನ ದಾರಿಯಲ್ಲಿ ಅಭ್ಯಾಸಕ್ಕೆ ಕರೆದೊಯ್ದರು. ಕೂರುವುದು, ಉಸಿರು ಬಿಗಿಹಿಡಿದು ನೋಡುವುದು, ಚೀಟಿಯಲ್ಲಿ ಗೀಟು ಎಳೆಯುವುದು. ಜಿಗಣೆಗಳು ಎಲೆಗಳ ಅಡಿಯಿಂದ ನೂರಾರು ಎದ್ದು ಬಂದವು. ಕಾಲುಚೀಲಕ್ಕೆ ಬಾಯಿ ತಾಗಿಸಿದ ಕ್ಷಣವೇ ಮುದುಡಿ ಬಿದ್ದವು. ಒಂದೂ ಮೇಲೇರಲಿಲ್ಲ. ಸತ್ತಿಯ ಕಾಕಾ ತಿರುಗಿ ನನ್ನನ್ನು ನೋಡಿ, ಮಷೀನಿನ ಕೆಲಸ ಅಂದರೆ ಇದು ಎಂದು ತಲೆಯಾಡಿಸಿದರು. ಆ ಹೊತ್ತಿನ ನನ್ನ ಜಂಬವನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ.

ಮರಳಿ ಬಂದವರು ಕ್ಯಾಂಪಿನ ಹಿಂದಿನ ಸಿಮೆಂಟ್ ತೊಟ್ಟಿಯ ಹತ್ತಿರ ಕಾಲುಚೀಲದ ಕೆಸರು ತೊಳೆದುಕೊಂಡು ಚಹಾ ಕುಡಿಯಲು ಹೋದರು. ಚೀಲಗಳನ್ನು ಹರವಲು ನಾನೊಬ್ಬಳೇ ಹಿಂದುಳಿದೆ. ತೊಳೆದ ನೀರು ಕಂದಾಗಿ ಹರಿದು, ಹಿಂದೆ ಗಾಡಿಯ ಗಾಲಿ ಕೊರೆದ ಒಂದು ಗುಂಡಿಗೆ ಸೇರುತ್ತಿತ್ತು. ಗುಂಡಿಯಲ್ಲಿ ಮಳೆಯ ನೀರು ನಿಂತು ಬಾಲದ ಕಪ್ಪೆಮರಿಗಳು, ಗೊದಮೊಟ್ಟೆಗಳು, ಬೇಕಾದಷ್ಟಿದ್ದವು. ಎಲ್ಲ ಕಡೆ ಕಾಣುವ ಸಾದಾ ಕಪ್ಪೆಯವು ಎಂದು ವಾಚರ್ ಬಂದ ಕೂಡಲೇ ಹೇಳಿದ್ದ. ನಾನು ಹಗ್ಗ ಕಟ್ಟಿ ಚೀಲ ಹರವಿ ಮುಗಿಸುವಷ್ಟರಲ್ಲಿ ಅವು ಗಿರಗಿರ ಸುತ್ತತೊಡಗಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಬಿಳಿ ಹೊಟ್ಟೆ ಮೇಲೆ ಮಾಡಿದವು. ಕಡ್ಡಿಯಿಂದ ಮುಟ್ಟಿದೆ. ಅಲುಗಲಿಲ್ಲ.

ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ನೋಡಿದವರು ಯಾರೂ ಇರಲಿಲ್ಲ. ಗುಂಡಿಗೆ ಎರಡು ಬುಟ್ಟಿ ಮಣ್ಣು ಸುರಿದರೆ ಮುಗಿಯುತ್ತಿತ್ತು. ಸುರಿಯುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಂತು. ಆದರೆ ಮರುದಿನ ಹತ್ತು ಗಂಟೆಗೆ ಇದೇ ಹನ್ನೆರಡು ಜೊತೆ ಹಳ್ಳದ ನೀರಿಗೆ ಇಳಿಯುವುದಿತ್ತು. ಹರಳಿನೊಳಗೆ ಮೊಟ್ಟೆ ಇದ್ದವು. ಕಪ್ಪೆ ಉಳಿಸಲು ಬಂದವರ ಕಾಲಿಗೇ ನಾನು ವಿಷ ಕಟ್ಟಿ ಕಳಿಸುತ್ತಿದ್ದೆ. ಎದ್ದು ಹೋಗಿ ಮೇಡಂ ಕೈ ಹಿಡಿದು ಗುಂಡಿಯ ಹತ್ತಿರ ಕರೆತಂದೆ.

ಚೀಲಗಳನ್ನು ತಂಬಾಕಿನ ನೀರಲ್ಲಿ ಅದ್ದಿದ್ದನ್ನು ಹೇಳಿದೆ.

"ಯಾಕ್ ಹೇಳಲಿಲ್ರಿ ಆಪಾ?"

"ತಂಬಾಕ ಅನ್ನೂದು ಹೇಳೂ ಮಾತು ಅಂತ ನನಗ ಅನಿಸಲೇ ಇಲ್ರಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ವಾಚರ್ ಓಡಿ ಬಂದು ಸಲಿಕೆಯಿಂದ ಗುಂಡಿಯ ಸುತ್ತ ಒಡ್ಡು ಹಾಕಿ, ನೀರು ಇಳಿಜಾರಿಗೆ ಹೋಗದಂತೆ ಕಟ್ಟಿದ. ಎಲ್ಲರೂ ಬಂದು ಸುತ್ತ ನಿಂತರು. ಮೇಡಂ ಮೆಲ್ಲಗೆ, ಎಣಿಕೆ ರದ್ದು ಮಾಡೋಣ, ನಾಳೆ ಬೆಳಿಗ್ಗೆ ಊರಿಗೆ ಹೊರಡೋಣ ಎಂದರು. ಚೀಲವಿಲ್ಲದೆ ಕೂತರೆ ಹೋದ ವರ್ಷದ ಹಾಡೇ. ಚೀಲ ಒಗೆಯೋಣವೆಂದರೆ ಈ ಕಾಡಿನಲ್ಲಿ ಸುರಿದ ಪ್ರತಿ ಹನಿ ಕೊನೆಗೆ ಹಳ್ಳಕ್ಕೇ ಇಳಿಯುತ್ತದೆ. ಮೇಲಾಗಿ ಕುದಿಸಿ ಅದ್ದಿದ ತಂಬಾಕು ಒಂದೆರಡು ಒಗೆತಕ್ಕೆ ಬಿಡುವುದಿಲ್ಲ ಎಂಬುದು ನನಗೇ ಚೆನ್ನಾಗಿ ಗೊತ್ತಿತ್ತು.

ಮೇಡಂ ಮುಖ ನೋಡಿದೆ. ಮೂರು ವರ್ಷ ಆ ಹೆಂಗಸು ರಜೆಯೆಲ್ಲ ಇದಕ್ಕೇ ಸುರಿದಿದ್ದರು. ನನಗೆ ಹಟ ಬಂತು.

"ನಾ ಕೆಡಿಸೀನಿ, ನಾನ ಸರಿ ಮಾಡತೀನ್ರಿ. ನಾಳಿ ಹತ್ತಕ್ಕ ಹೊಸಾ ಜೋಡಿ ಕೊಡತೀನಿ."

"ಅರಿವಿ ಎಲ್ಲೈತ್ರಿ ಇಲ್ಲಿ?"

ಅದೇ ಪ್ರಶ್ನೆ. ನನ್ನ ಹತ್ತಿರ ಮಷೀನಿತ್ತು, ದಾರವಿತ್ತು, ಕತ್ತರಿಯಿತ್ತು, ಬಟ್ಟೆ ಇರಲಿಲ್ಲ. ಎಲ್ಲರ ಚೀಲ ಬಿಚ್ಚಿಸಿದೆ. ಸೀರೆಗಳಿಗೆ ಬಣ್ಣ, ನೀರಿಗೆ ಬಿಡುತ್ತದೆ. ಸೊಲ್ಲಾಪುರಿ ಚಾದರದ ನೇಯ್ಗೆ ಸಡಿಲ. ಟವೆಲ್ಲು ಪ್ರಯೋಜನವಿಲ್ಲ. ಆಗ ಸತ್ತಿಯ ಕಾಕಾ ತಲೆಯಿಂದ ಪಟಕ ತೆಗೆದು, ಸುತ್ತು ಬಿಚ್ಚುತ್ತಾ ಬಿಚ್ಚುತ್ತಾ ನನ್ನ ಮಡಿಲಿಗೆ ಹಾಕಿದರು. ಹತ್ತು ಮೀಟರಿನಷ್ಟು ಬಿಗಿ ನೇಯ್ಗೆಯ ಬಿಳಿ ಹತ್ತಿ. ಅವರನ್ನು ಬರಿದಲೆಯಲ್ಲಿ ಆ ತನಕ ಯಾರೂ ನೋಡಿರಲಿಲ್ಲ. ಎಲ್ಲರೂ ಬೇರೆ ಕಡೆ ನೋಡಿದೆವು.

"ಕತ್ತರಿ ಹಾಕ್ರಿ ಆಪಾ. ಮನಿಯಾಗ ಇನ್ನೊಂದ ಐತಿ."

ಆಮೇಲೆ ತಮ್ಮ ಬದಲಿ ಧೋತರವನ್ನೂ ಕೊಟ್ಟರು. ದಿಗ್ಗೇವಾಡಿಯ ಅಣ್ಣ ತಮ್ಮದನ್ನೂ ತಂದಿಟ್ಟರು. ಲೆಕ್ಕ ಹಾಕಿದೆ. ತೆಳು ಬಟ್ಟೆಯಾದ್ದರಿಂದ ಎರಡು ಪದರ ಬೇಕು. ಪಟಕದಲ್ಲಿ ಏಳು ಜೊತೆ, ಧೋತರಗಳಲ್ಲಿ ನಾಲ್ಕು ನಾಲ್ಕು. ಹನ್ನೆರಡಕ್ಕೆ ಸಾಕಾಗಿ ಉಳಿಯುತ್ತದೆ.

ಕತ್ತರಿ ಕೈಗೆತ್ತಿಕೊಂಡೆ. ವಾಚರ್ ತಡೆದ. ಒಂದು ಸಲ ನೋಡಿಯೇ ಬಿಡೋಣ ಎಂದು ಹೇಳಿ, ಮೂರು ಬಟ್ಟೆಗಳಿಂದ ಒಂದೊಂದು ಪಟ್ಟಿ ಹರಿದು ಮೂರು ಬಟ್ಟಲಿನ ನೀರಲ್ಲಿ ನೆನೆಹಾಕಿದ. ದೂರದ ಬೇರೊಂದು ಹೊಂಡದಿಂದ ಗೊದಮೊಟ್ಟೆ ತಂದು ಎರಡೆರಡು ಬಿಟ್ಟ. ನಾವು ಚಹಾ ಕುಡಿಯುವುದನ್ನೂ ಮರೆತು ಬಟ್ಟಲುಗಳ ಸುತ್ತ ಕೂತೆವು. ಪಟಕದ ಬಟ್ಟಲಲ್ಲಿ ಅವು ಆರಾಮಾಗಿ ಈಜಿದವು. ಕಾಕಾನ ಧೋತರದ್ದೂ ಸರಿ. ದಿಗ್ಗೇವಾಡಿಯ ಅಣ್ಣನ ಬಟ್ಟಲಲ್ಲಿ ಅರ್ಧ ತಾಸಿಗೇ ಒಂದು ಮರಿ ಓರೆಯಾಗಿ ಸುತ್ತತೊಡಗಿತು. ವಾಚರ್ ಅದನ್ನು ತಕ್ಷಣ ಎತ್ತಿ ಒಳ್ಳೆಯ ನೀರಿಗೆ ಹಾಕಿದ. ವರ್ಷಗಟ್ಟಲೆ ಸೊಂಟದಲ್ಲಿ ತಂಬಾಕಿನ ಚಂಚಿ ಸಿಕ್ಕಿಸಿದ ಧೋತರ ಅದು, ಎಷ್ಟು ಒಗೆದರೂ ಉಳಿದಿತ್ತು.

ಅಣ್ಣನ ಮುಖ ಸಣ್ಣದಾಯಿತು. ಧೋತರವಷ್ಟೇ ಅಲ್ಲ, ನನ್ನ ಕೈಯಲ್ಲೂ ಅದೇ ಇದೆ, ನಾನು ಹಳ್ಳಕ್ಕೆ ಬರುವುದಿಲ್ಲ, ಇಲ್ಲೇ ಅಡುಗೆಗೆ ನಿಲ್ಲುತ್ತೇನೆ ಎಂದು ತಾವಾಗಿಯೇ ಹೇಳಿದರು. ಹೀಗೆ ಹನ್ನೊಂದು ಜೊತೆಗೆ ಬಟ್ಟೆ, ಹನ್ನೊಂದು ಜನ ಎಣಿಸುವವರು ಉಳಿದರು. ಹಳ್ಳದಲ್ಲಿ ಗುರುತು ಮಾಡಿದ ಜಾಗಗಳು ಹನ್ನೆರಡು. ಒಂದು ಜಾಗ ಖಾಲಿ ಬಿಟ್ಟರೆ ಹಿಂದಿನ ವರ್ಷಗಳ ಜೊತೆ ಹೋಲಿಸಲು ಬರುವುದಿಲ್ಲ. ಡ್ರೈವರ್ ರಕ್ತ ಕಂಡರೆ ತಲೆ ತಿರುಗುತ್ತದೆಂದು ಮೊದಲೇ ಕೈಮುಗಿದ. ಹನ್ನೆರಡನೆಯ ಜಾಗಕ್ಕೆ ನಾನು ಕೂರುತ್ತೇನೆ, ಚೀಲ ಬೇಡ ಎಂದೆ. ಯಾರೂ ಒಪ್ಪಲಿಲ್ಲ. ಅದರ ಮಾತು ನಾಳೆ, ಈಗ ಕೆಲಸ ಎಂದು ಬಾಯಿ ಮುಚ್ಚಿಸಿದೆ.

ಮೊದಲು ನನ್ನ ಸಾಮಾನುಗಳನ್ನು ಶುದ್ಧ ಮಾಡಬೇಕಿತ್ತು. ಮಷೀನನ್ನು ಬಿಚ್ಚಿ ಮೂಲೆ ಮೂಲೆಯ ಪುಡಿ ಒರೆಸಿದೆ. ಎಣ್ಣೆಯನ್ನೂ ಒರೆಸಿ ತೆಗೆದೆ, ಬಟ್ಟೆಗೆ ಎಣ್ಣೆ ಹತ್ತಬಾರದಲ್ಲ. ಆಮೇಲೆ ಅದು ತಿರುಗಿಸಿದಾಗಲೆಲ್ಲ ಕಿರಗುಟ್ಟಿತು. ದಾರದ ಉಂಡೆಗಳ ಮೇಲಿನ ಸುತ್ತುಗಳನ್ನು ಬಿಚ್ಚಿ ಎಸೆದೆ. ಕೊನೆಗೆ ನನ್ನ ಕೈ. ವಾಚರ್ ತೋರಿಸಿದ, ಹಳ್ಳದಿಂದ ದೂರದ ಒಣ ಗುಂಡಿಯ ಹತ್ತಿರ ಕೂತು ಮರಳು ಹಾಕಿ ತಿಕ್ಕಿದೆ. ಬಟ್ಟಲಲ್ಲಿ ಕೈ ಅದ್ದಿ, ಅದರಲ್ಲಿ ಗೊದಮೊಟ್ಟೆ ಬಿಡಿಸಿದೆ. ಮಂಕಾಯಿತು. ವಾಚರ್ ಅದನ್ನೂ ಎತ್ತಿ ಉಳಿಸಿದ. ಮತ್ತೆ ತಿಕ್ಕಿದೆ, ಉಗುರಿನ ಸಂದಿ, ಗೆಣ್ಣಿನ ಗೆರೆ. ಎರಡನೆಯ ಬಟ್ಟಲೂ ಅಷ್ಟೇ. ಚರ್ಮ ಕೆಂಪಾಗಿ ಉರಿಯುವವರೆಗೆ ತಿಕ್ಕಿದ ಮೇಲೆ ಮೂರನೆಯ ಬಟ್ಟಲಲ್ಲಿ ಮರಿ ಬಾಲ ಆಡಿಸುತ್ತಾ ಓಡಾಡಿತು. ಇಷ್ಟು ವರ್ಷ ಈ ಕೈಯಲ್ಲೇ ರೊಟ್ಟಿ ತಟ್ಟಿದ್ದೇನೆ ಎಂಬ ಯೋಚನೆ ಆಗ ಬಂತು.

ನಾನು ಕತ್ತರಿಸಿದೆ, ಇಬ್ಬರು ಶಿಕ್ಷಕಿಯರು ಅಂಚು ಮಡಚಿ ಟಾಚಣಿ ಚುಚ್ಚಿದರು, ಒಬ್ಬರು ಹಿಡಿಕೆ ತಿರುಗಿಸಿದರು, ನಾನು ಬಟ್ಟೆ ಓಡಿಸಿದೆ. ಕಾಕಾ ಜೀವನವಿಡೀ ಗೊಬ್ಬರದ ಚೀಲದ ಬಾಯಿ ಹೊಲಿದವರು, ನಾಡಿ ಪೋಣಿಸುವ ಮಡಿಕೆಯನ್ನು ಕೈಯಲ್ಲೇ ಹೊಲಿದು ಕೊಟ್ಟರು. ಅವರ ಹೊಲಿಗೆ ಒರಟು, ಗಟ್ಟಿ. ಹೊಲಿದದ್ದನ್ನು ಪರೀಕ್ಷಿಸಲು ಈ ಸಲ ತಪಕೀರ ಅಲ್ಲ, ಅಡುಗೆಮನೆಯ ಗೋಧಿ ಹಿಟ್ಟು. ಒಂಬತ್ತಕ್ಕೆ ಕ್ಯಾಂಪಿನ ದೀಪ ಆರಿಸುವುದು ನಿಯಮ. ಅಷ್ಟರಲ್ಲಿ ಆರು ಜೊತೆ ಆಗಿತ್ತು. ಬೆಳಕು ಹರಿದ ಕೂಡಲೇ ಮತ್ತೆ ಕೂತೆವು. ಏಳನೆಯ ಜೊತೆಯಲ್ಲಿ ಹಿಟ್ಟು ಸೋರಿತು, ಬಿಚ್ಚಿ ಹೊಲಿದೆ. ಒಂಬತ್ತನೆಯದರಲ್ಲಿ ಸೂಜಿ ಮುರಿಯಿತು, ಇದ್ದದ್ದು ಇನ್ನೊಂದೇ. ಅದಾದ ಮೇಲೆ ಹಿಡಿಕೆಯನ್ನು ಯಾರ ಕೈಗೂ ಕೊಡಲಿಲ್ಲ, ನಾನೇ ತಿರುಗಿಸಿದೆ. ಹನ್ನೊಂದನೆಯ ಜೊತೆಯ ಗಂಟು ಹಾಕಿದಾಗ ಮೇಡಂ ಗಡಿಯಾರದಲ್ಲಿ ಒಂಬತ್ತೂವರೆ.

ನಾನು ಸಲ್ವಾರಿನ ಕಾಲುಗಳನ್ನು ಪಾದದ ಹತ್ತಿರ ದಾರದಿಂದ ಬಿಗಿದು ಕಟ್ಟಿಕೊಂಡು ಎದ್ದೆ. ಮೇಡಂ ತಮ್ಮ ಜೊತೆಯನ್ನು ನನ್ನತ್ತ ಚಾಚಿದರು. "ನೀವು ಹನ್ನೆರಡೂ ಜಾಗಾ ನೋಡ್ಕೋಬೇಕ್ರಿ, ನಾ ಒಂದ ಕಡೆ ಕುಂದ್ರಾಕಿ" ಎಂದು ಮರಳಿಸಿದೆ.

ಹಳ್ಳ ಅಷ್ಟು ದೊಡ್ಡದೇನಲ್ಲ. ನಮ್ಮ ಕೃಷ್ಣೆಯನ್ನು ನೋಡಿದವರಿಗೆ ಅದು ಒಂದು ಕಾಲುವೆ. ಕಪ್ಪು ಕಲ್ಲು, ಪಾಚಿ, ಕಲ್ಲುಗಳ ನಡುವೆ ಮೊಳಕಾಲಿನಷ್ಟು ತಿಳಿನೀರು. ನನ್ನ ಜಾಗ ಎಲ್ಲಕ್ಕಿಂತ ಕೆಳಗಿನದು. ನೀರಿಗೆ ತಾಗದ ಒಂದು ಬಂಡೆಯ ಮೇಲೆ ಕೂತು ಚೀಟಿ ಮತ್ತು ಪೆನ್ಸಿಲ್ ತೊಡೆಯ ಮೇಲಿಟ್ಟೆ. ಹತ್ತಕ್ಕೆ ವಾಚರ್ ಕೈ ಎತ್ತಿದ. ಹನ್ನೊಂದರವರೆಗೆ ಅಲುಗುವಂತಿಲ್ಲ.

ಮೊದಲು ಏನೂ ಕಾಣಲಿಲ್ಲ. ಕಲ್ಲು, ನೀರು, ಅಷ್ಟೇ. ಜಿಗಣೆಗಳಿಗೆ ಮಾತ್ರ ನಾನು ಕಂಡೆ. ಎಡಗಾಲಿನ ಮೇಲೆ ತಣ್ಣಗೆ ಏನೋ ಹತ್ತಿತು. ಆಮೇಲೆ ಬಲಗಾಲು. ಕಟ್ಟಿದ ದಾರ ಅವಕ್ಕೆ ಲೆಕ್ಕಕ್ಕೇ ಇಲ್ಲ, ಬಟ್ಟೆಯ ಮೇಲೆ ಏರಿ ಸೊಂಟದಿಂದ ಒಳಗಿಳಿದವು. ಕಚ್ಚಿದ್ದು ನೋವಾಗುವುದಿಲ್ಲ, ಆದರೆ ಅವು ಅಲ್ಲಿವೆ ಎಂದು ಗೊತ್ತಾಗುತ್ತಲೇ ಇರುತ್ತದೆ. 'ಅಲುಗಬೇಡ, ಇದು ನೀನೇ ಮಾಡಿದ್ದು' ಎಂದು ನನಗೆ ನಾನೇ ಹೇಳಿಕೊಂಡೆ. ಕುತ್ತಿಗೆಯ ಹಿಂದೆ ಒಂದು ಹತ್ತಿದಾಗ ಕಣ್ಣು ಮುಚ್ಚಿಬಿಡಬೇಕೆನ್ನಿಸಿತು. ಮುಚ್ಚಲಿಲ್ಲ, ಮುಚ್ಚಿದರೆ ಎಣಿಸುವುದು ಹೇಗೆ?

ಆಗ ಎದುರಿನ ಕಲ್ಲಿನ ಒಂದು ಚೂರು ಕಾಲು ಎತ್ತಿತು.

ನಾನು ಕಲ್ಲೆಂದೇ ನೋಡುತ್ತಿದ್ದುದು ಕಪ್ಪೆಯಾಗಿತ್ತು. ಒಂದು ಹಿಂಗಾಲನ್ನು ನಿಧಾನವಾಗಿ ಮೇಲೆತ್ತಿ, ಪೂರ್ತಿ ಚಾಚಿ, ಬೆರಳುಗಳನ್ನು ಬಿಡಿಸಿತು. ಬೆರಳುಗಳ ನಡುವಿನ ಪೊರೆ ಬೆಳ್ಳಗೆ ಹೊಳೆಯಿತು. ಅರ್ಧ ಸುತ್ತು ಬೀಸಿ ಕಾಲನ್ನು ಮಡಚಿ ಇಟ್ಟುಕೊಂಡಿತು. ಸ್ವಲ್ಪ ಮೇಲೆ ಇನ್ನೊಂದು ಉತ್ತರ ಕೊಟ್ಟಿತು. ನನಗೆ ಅಳು ಬಂತು, ಯಾಕೆಂದು ಕೇಳಿದರೆ ಇಷ್ಟೇ ಹೇಳಬಲ್ಲೆ: ಅದು ಅಷ್ಟು ಸಣ್ಣದಿತ್ತು, ಮತ್ತು ನಾನು ಒಂದು ಪಾತೇಲಿ ಕುದಿಸಿ ಅದನ್ನು ಮುಗಿಸಲು ಹೊರಟಿದ್ದೆ. ಕಣ್ಣೀರು ಗಲ್ಲದ ಮೇಲೆ ಇಳಿಯಲು ಬಿಟ್ಟು, ಕೈ ಮಾತ್ರ ಆಡಿಸಿ ಗೀಟು ಎಳೆದೆ.

ಹನ್ನೊಂದಕ್ಕೆ ವಾಚರ್ ಕೈ ಇಳಿಸಿದಾಗ ನನ್ನ ಚೀಟಿಯಲ್ಲಿ ಏಳು ಗೀಟುಗಳಿದ್ದವು. ಮೈಯಿಂದ ಕಿತ್ತ ಜಿಗಣೆಗಳನ್ನು ನಾನು ಎಣಿಸಲಿಲ್ಲ. ಶಿಕ್ಷಕಿಯರು ಎಣಿಸಿದರು, ಹೇಳಬೇಡಿ ಎಂದೆ. ಹೊಸ ಚೀಲ ಹಾಕಿಕೊಂಡ ಹನ್ನೊಂದು ಮಂದಿಯಲ್ಲಿ ಒಬ್ಬರ ಕಾಲಲ್ಲೂ ರಕ್ತವಿರಲಿಲ್ಲ, ಒಬ್ಬರೂ ಮಧ್ಯೆ ಎದ್ದಿರಲಿಲ್ಲ. ಮೇಡಂ ಚೀಟಿಗಳನ್ನು ಒಂದೊಂದಾಗಿ ತಗೊಂಡು ನನ್ನ ಹತ್ತಿರ ಬಂದಾಗ ನನ್ನ ಎರಡೂ ಕೈ ಹಿಡಿದುಕೊಂಡರು. ಮೂರನೆಯ ದಿನವೂ ಅದೇ ಹೊತ್ತಿಗೆ, ಅದೇ ಬಂಡೆಯ ಮೇಲೆ ಕೂತೆ. ಆ ದಿನ ಒಂದು ಕಡಿಮೆ, ಆರು. ಏಳೆಂದು ಬರೆಯುವ ಆಸೆಯಾಯಿತು, ಆದರೆ ಆರೆಂದೇ ಬರೆದೆ. ಎರಡೂ ದಿನ ಮೇಡಂ ನೀರಿನ ತಳದ ಹರಳಿನಲ್ಲಿ ಹೆಣ್ಣು ಕಪ್ಪೆ ಮೊಟ್ಟೆ ಹುಗಿಯುವುದನ್ನು ನೋಡಿ ಚಿತ್ರ ತೆಗೆದರು.

ತಂಬಾಕಿನ ಚೀಲಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಊರಿಗೆ ಮರಳಿ ತಂದೆ. ಬೇಲಿ ಹಾರುವ ಆಡುಗಳನ್ನು ಹೆದರಿಸಲು ಬೇಕೆಂದು ಕೊಗನೊಳ್ಳಿಯ ಒಬ್ಬ ರೈತ ಕೇಳಿದ, ಕೊಡಲಿಲ್ಲ. ಎಲ್ಲಿ ಹೋಗಿ ಯಾವ ನೀರಿಗೆ ಬೀಳುತ್ತವೋ ಎಂದು ಸುಟ್ಟುಹಾಕಿದೆ.

ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಮೇಡಂ ಖೋಲಿಗೆ ಬಂದು ಒಂದು ಕಾಗದದ ನಕಲು ತೋರಿಸಿದರು. ಜಲಪಾತದ ದಾರಿ ಕೈಬಿಟ್ಟಿದ್ದರು. ಹಳ್ಳದ ಆ ಭಾಗಕ್ಕೆ ಕಾಡು ಕಾಯುವವರ ಹೊರತು ಯಾರಿಗೂ ಪ್ರವೇಶವಿಲ್ಲ ಎಂದಿತ್ತು. ಯಾರಿಗೂ ಅಂದರೆ ನಮಗೂ ಸೇರಿ, ಎಣಿಕೆಗೂ ಇನ್ನು ಬಿಡುವುದಿಲ್ಲ ಎಂದು ಮೇಡಂ ವಿವರಿಸಿದರು. ನಗುತ್ತಲೇ ಹೇಳಿದರು, ಆದರೆ ಕಣ್ಣಲ್ಲಿ ನೀರಿತ್ತು.

ಕೆಲವು ದಿನದ ಮೇಲೆ ಸತ್ತಿಯಿಂದ ಕಾಕಾ ಫೋನು ಮಾಡಿದರು. ಅವರಿಗೆ ಸುದ್ದಿ ಮುಟ್ಟಿರಲಿಲ್ಲ.

"ಆಪಾ, ಈ ವರ್ಷ ಯಾವಾಗ ಹೊಂಡೂದ್ರಿ? ಕಬ್ಬಿಗೆ ನೀರ್ ಬಿಟ್ಟ ಖಾಲಿ ಆಗೇನಿ."

"ಹೋಗಾಕ ಬರೂದಿಲ್ರಿ ಕಾಕಾ. ಹಳ್ಳ ಮುಚ್ಯಾರ. ಇನ್ ಯಾರನ್ನೂ ಬಿಡೂದಿಲ್ಲ, ನಮ್ಮನ್ನೂ."

 ಆ ಕಡೆ ಮೋಟಾರು ಪಂಪಿನ ಸದ್ದು ಕೇಳುತ್ತಿತ್ತು.

"ಹಂಗಂದ್ರ ನಾವು ಗೆದ್ದೀವಿ ಅನ್ರಿ" ಎಂದರು ಕೊನೆಗೆ.

ಹೌದ್ರಿ ಅಂದೆ. ಇನ್ನೊಂದೇ ಒಂದು ಸಲ ಆ ಬಂಡೆಯ ಮೇಲೆ ಕೂರಬೇಕೆಂದು ಜೀವ ಎಷ್ಟು ಎಳೆಯುತ್ತಿದೆ ಎಂಬುದನ್ನು ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.